ಫಿಂಚ್ ಹಕ್ಕಿಗೆ ಏನು ಹಾಕಬೇಕು, ಎಷ್ಟು ಹಾಕಬೇಕು: ನವಣೆಯಿಂದ ಮೊಟ್ಟೆಯವರೆಗೆ

ನಮ್ಮ ಮನೆಗೆ ಮೊದಲ ಜೋಡಿ ಜೀಬ್ರಾ ಫಿಂಚ್ ಬಂದಾಗ ಅಂಗಡಿಯವರು ಅರ್ಧ ಕೆಜಿ ಕಾಳಿನ ಪೊಟ್ಟಣ ಕೈಗಿಟ್ಟು, "ಬಟ್ಟಲು ಖಾಲಿಯಾದಾಗ ತುಂಬಿಸಿ, ಅಷ್ಟೇ ಸಾರ್" ಅಂದಿದ್ದರು. ನಾನು ಅದನ್ನೇ ನಂಬಿ ಕೂತೆ. ಬಟ್ಟಲು ಖಾಲಿಯಾಗಲೇ ಇಲ್ಲ. ಮೂರನೇ ದಿನ ಸಂಜೆ ನೋಡಿದರೆ ಗಂಡು ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿತ್ತು. ಊರಿಂದ ಬಂದಿದ್ದ ಅಮ್ಮ ಬಟ್ಟಲು ಎತ್ತಿ ಉಫ್ ಅಂತ ಒಂದು ಸಲ ಊದಿದರು. ಹೊಟ್ಟೆಲ್ಲ ಹಾರಿ ಹೋಯಿತು. ತಳದಲ್ಲಿ ಉಳಿದದ್ದು ಹತ್ತೋ ಹನ್ನೆರಡೋ ಕಾಳು. "ಹೊಟ್ಟು ಹಾಕಿ ಹಕ್ಕಿ ಸಾಕ್ತಿದ್ದೀಯಲ್ಲೋ" ಅಂದರು ಅಮ್ಮ.

ಫಿಂಚ್ ಕಾಳನ್ನು ಇಡಿಯಾಗಿ ನುಂಗುವುದಿಲ್ಲ. ಕೊಕ್ಕಿನಲ್ಲಿ ಹೊರಳಿಸಿ ಸಿಪ್ಪೆ ಸುಲಿಯುತ್ತದೆ, ಒಳಗಿನದ್ದನ್ನು ತಿನ್ನುತ್ತದೆ, ಸಿಪ್ಪೆಯನ್ನು ಅಲ್ಲೇ ಬಟ್ಟಲಿಗೆ ಉದುರಿಸುತ್ತದೆ. ಸಿಪ್ಪೆ ಒಡೆದಿರುವುದು ದೂರದಿಂದ ಗೊತ್ತೇ ಆಗುವುದಿಲ್ಲ. ಬಟ್ಟಲು ತುಂಬಿದ ಹಾಗೇ ಕಾಣುತ್ತದೆ. ಹಕ್ಕಿ ಮಾತ್ರ ಉಪವಾಸ. ಹದಿಮೂರು ಹದಿನಾಲ್ಕು ಗ್ರಾಂ ತೂಗುವ ಜೀವ ಅದು. ಅದರ ಮೈಯಲ್ಲಿ ಕೂಡಿಟ್ಟ ಕೊಬ್ಬು ಅಂತ ಹೇಳಿಕೊಳ್ಳುವಷ್ಟು ಇರುವುದಿಲ್ಲ. ಒಂದು ಇಡೀ ದಿನ ಆಹಾರ ಸಿಗದಿದ್ದರೆ ಪ್ರಾಣಕ್ಕೇ ಕುತ್ತು. ಹಾಗಾಗಿ ಯಾವ ಕಾಳು ಒಳ್ಳೆಯದು, ಯಾವ ಸೊಪ್ಪು ಒಳ್ಳೆಯದು ಅನ್ನೋದಕ್ಕೆ ಮುಂಚೆ ಇದೊಂದನ್ನು ರೂಢಿ ಮಾಡಿಕೊಳ್ಳಿ. ಬೆಳಗ್ಗೆ ಎದ್ದ ಕೂಡಲೇ ಬಟ್ಟಲು ಹೊರಗೆ ತೆಗೆದು ಊದಿ. ಪಂಜರದ ಪಕ್ಕದಲ್ಲಿ ಊದಬೇಡಿ, ಬಾಲ್ಕನಿಗೋ ಸಿಂಕಿನ ಹತ್ತಿರಕ್ಕೋ ಹೋಗಿ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಜೀಬ್ರಾ ಫಿಂಚ್ ಮತ್ತು ಬೆಂಗಾಲೀಸ್ ಫಿಂಚ್‌ಗೆ. ನಮ್ಮ ಕಡೆ ಮನೆಗಳಲ್ಲಿ ಜಾಸ್ತಿ ಇರುವುದು ಇವೆರಡೇ. ಜೀಬ್ರಾ ಫಿಂಚ್‌ನ ತವರು ಆಸ್ಟ್ರೇಲಿಯಾದ ಒಣ ಹುಲ್ಲುಗಾವಲು. ಅಲ್ಲಿ ಅದು ತಿಂದು ಬದುಕುವುದೇ ಹುಲ್ಲಿನ ಬೀಜ. ಇನ್ನೊಂದು ಮಾತು. ನಮ್ಮ ಗದ್ದೆ ಬಯಲಿನ ರಾಟವಾಳಗಳೂ ನೋಡಲು ಫಿಂಚ್ ಥರವೇ ಇರುತ್ತವೆ, ಕೆಲವು ಕಡೆ ಕದ್ದುಮುಚ್ಚಿ ಮಾರುತ್ತಾರೆ. ಅವು ಕಾಡುಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿಯುವುದೂ ತಪ್ಪು, ಸಾಕುವುದೂ ತಪ್ಪು. ಕೊಳ್ಳಬೇಡಿ.

ಮೊದಲ ಹೆಜ್ಜೆ: ಕಾಳು ಆರಿಸುವುದು

ಹುಲ್ಲಿನ ಬೀಜ ತಿನ್ನುವ ಹಕ್ಕಿಗೆ ಕರ್ನಾಟಕಕ್ಕಿಂತ ಒಳ್ಳೆಯ ಅಡುಗೆಮನೆ ಸಿಗುವುದು ಕಷ್ಟ. ನವಣೆ, ಬರಗು, ಸಾಮೆ, ಊದಲು, ಕೊರಲೆ ಎಲ್ಲವೂ ಹುಲ್ಲಿನ ಜಾತಿಯ ಬೆಳೆಗಳೇ. ಪೆಟ್ ಅಂಗಡಿಯಲ್ಲಿ ಕಂಗ್ನಿ ಅಂತಲೋ ತಿನೈ ಅಂತಲೋ ಕೊಡುತ್ತಾರಲ್ಲ, ಅದು ನಮ್ಮ ನವಣೆಯೇ. ಫಾರಿನ್ ಮಿಕ್ಸ್ ಅಂತ ಬಣ್ಣದ ಪ್ಯಾಕೆಟ್‌ನಲ್ಲಿ ಬರುವುದನ್ನು ಒಮ್ಮೆ ಬಿಡಿಸಿ ನೋಡಿ. ಬಹುಪಾಲು ನವಣೆ, ಬರಗು, ಮೇಲೆ ಸ್ವಲ್ಪ ಕ್ಯಾನರಿ ಸೀಡ್ ಅನ್ನೋ ಹುಲ್ಲಿನ ಬೀಜ ಇರುತ್ತದೆ.

ಆದರೆ ಒಂದು ತೊಡಕಿದೆ. ಸಿರಿಧಾನ್ಯದ ಅಂಗಡಿಯಲ್ಲಿ ಚಂದದ ಪ್ಯಾಕೆಟ್‌ನಲ್ಲಿ ಸಿಗುವುದು ನವಣೆ ಅಕ್ಕಿ, ಸಾಮೆ ಅಕ್ಕಿ. ಅಂದರೆ ಸಿಪ್ಪೆ ತೆಗೆದದ್ದು. ಅದು ನಮಗೆ ಉಪ್ಪಿಟ್ಟಿಗೆ, ಬಿಸಿಬೇಳೆಬಾತಿಗೆ ಸರಿ. ಹಕ್ಕಿಗೆ ಸಿಪ್ಪೆ ಸಮೇತ ಇರುವ ಇಡೀ ಕಾಳು ಬೇಕು. ಸಿಪ್ಪೆ ತೆಗೆದ ಮೇಲೆ ಕಾಳು ಬೇಗ ಮುಗ್ಗುತ್ತದೆ, ಮೊಳಕೆಯೂ ಬರುವುದಿಲ್ಲ. ಜೊತೆಗೆ, ಸುಲಿದು ತಿನ್ನುವುದೇ ಫಿಂಚ್‌ನ ದಿನದ ಮುಖ್ಯ ಕೆಲಸ. ಅದನ್ನು ಕಿತ್ತುಕೊಂಡರೆ ಪಂಜರದಲ್ಲಿ ಅದಕ್ಕೆ ಮಾಡಲು ಇನ್ನೇನಿದೆ? ಕಾಳು ತೀರಿಹೋದಾಗ ಒಂದೆರಡು ದಿನಕ್ಕೆ ನವಣೆ ಅಕ್ಕಿ ಹಾಕಿದರೆ ತೊಂದರೆಯಿಲ್ಲ. ದಿನಾ ಅದೇ ಬೇಡ.

ಸಿಪ್ಪೆ ಇರುವ ಕಾಳು ರೈತರ ಸಂತೆಗಳಲ್ಲಿ, ಹಳೇ ಕಾಲದ ದಿನಸಿ ಮಂಡಿಗಳಲ್ಲಿ, ಪೆಟ್ ಅಂಗಡಿಗಳಲ್ಲಿ ಸಿಗುತ್ತದೆ. ಇಲ್ಲಿ ಒಂದು ಎಚ್ಚರ ಬಹಳ ಮುಖ್ಯ. ಬಿತ್ತನೆಗೆ ಅಂತ ಮಾರುವ ಬೀಜವನ್ನು ಯಾವತ್ತೂ ಹಕ್ಕಿಗೆ ಹಾಕಬೇಡಿ. ಅದಕ್ಕೆ ಬೂಷ್ಟು, ಕೀಟ ತಗುಲದಿರಲಿ ಅಂತ ಔಷಧಿ ಸವರಿರುತ್ತಾರೆ. ಎಷ್ಟೋ ಸಲ ಗುರುತಿಗೆ ಗುಲಾಬಿ ಬಣ್ಣವೋ ಇನ್ಯಾವುದೋ ಬಣ್ಣವೋ ಇರುತ್ತದೆ. ಬಣ್ಣ ಇಲ್ಲದಿದ್ದರೂ ನಂಬಬೇಡಿ. ಅದು ವಿಷ.

ನಾನು ಒಂದು ಕೆಜಿಗೆ ಬೆರೆಸುವುದು ಹೀಗೆ: ನವಣೆ 400 ಗ್ರಾಂ, ಬರಗು 300 ಗ್ರಾಂ, ಸಾಮೆ 150 ಗ್ರಾಂ, ಉಳಿದ 150 ಗ್ರಾಂಗೆ ಊದಲು ಅಥವಾ ಕ್ಯಾನರಿ ಸೀಡ್. ಬರಗು ಸಿಗದಿದ್ದರೆ ನವಣೆ ಜಾಸ್ತಿ ಮಾಡಿ. ಈ ಲೆಕ್ಕವೇನೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಮೂರು ನಾಲ್ಕು ಬಗೆ ಇದ್ದರೆ ಆಯಿತು. ಸಜ್ಜೆ ಕಾಳು ಜೀಬ್ರಾ ಫಿಂಚ್‌ನ ಪುಟ್ಟ ಕೊಕ್ಕಿಗೆ ದಪ್ಪ, ಅದನ್ನು ಲವ್‌ಬರ್ಡ್‌ಗೆ ಬಿಡಿ. ಹುಚ್ಚೆಳ್ಳು ಕಂಡರೆ ಇವು ಮುಗಿಬೀಳುತ್ತವೆ. ಅದರಲ್ಲಿ ಮೂರನೇ ಒಂದು ಭಾಗಕ್ಕೂ ಜಾಸ್ತಿ ಎಣ್ಣೆಯೇ. ದಿನಾ ಹಾಕಿದರೆ ಪಂಜರದ ಹಕ್ಕಿ ಬೊಜ್ಜು ಬಂದು ಹಾರುವುದನ್ನೇ ಬಿಡುತ್ತದೆ. ಡಿಸೆಂಬರ್ ಚಳಿಯಲ್ಲಿ ವಾರಕ್ಕೆ ಎರಡು ಸಲ, ಒಂದು ಚಿಟಿಕೆ. ಸಾಕು.

ಎಷ್ಟು ಹಾಕಬೇಕು? ಒಂದು ಫಿಂಚ್‌ಗೆ ದಿನಕ್ಕೆ ಸುಮಾರು ಒಂದು ಮಟ್ಟ ಟೀ ಚಮಚ ಕಾಳು. ಜೋಡಿಗೆ ಎರಡು ಚಮಚ, ಅಂದರೆ ಸುಮಾರು ಹತ್ತು ಗ್ರಾಂ. ಲೆಕ್ಕ ಹಾಕಿದರೆ ತಿಂಗಳಿಗೆ 300 ಗ್ರಾಂ. ಎರಡು ಹಕ್ಕಿಗೆ ಐದು ಕೆಜಿ ಮೂಟೆ ತಂದರೆ ಒಂದು ವರ್ಷಕ್ಕೂ ಜಾಸ್ತಿ ಬರುತ್ತದೆ, ಅಷ್ಟರಲ್ಲಿ ಹುಳ ಬಂದಿರುತ್ತದೆ. ಸುಮ್ನೆ ದುಡ್ಡು ದಂಡ. ಒಂದೊಂದು ಕೆಜಿ ತನ್ನಿ.

ಕಾಳು ಜೀವಂತ ಇದೆಯಾ?

ಅಂಗಡಿಯವರು "ಹೊಸ ಸ್ಟಾಕ್" ಅನ್ನುತ್ತಾರೆ. ಪರೀಕ್ಷೆ ನಾವೇ ಮಾಡೋಣ. ಇಪ್ಪತ್ತು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಮಡಚಿಡಿ. ಬಟ್ಟೆ ಒಣಗದ ಹಾಗೆ ನೋಡಿಕೊಳ್ಳಿ. ನಾಲ್ಕು ದಿನದಲ್ಲಿ ಹದಿನಾರಕ್ಕೆ ಮೊಳಕೆ ಬಂದರೆ ಒಳ್ಳೆಯ ಕಾಳು. ಹತ್ತಕ್ಕಿಂತ ಕಮ್ಮಿ ಬಂದರೆ ಅಂಗಡಿ ಬದಲಿಸಿ. ಸತ್ತ ಕಾಳಿನಿಂದ ಹೊಟ್ಟೆ ತುಂಬಬಹುದು, ಸತ್ವ ಅಷ್ಟಕ್ಕಷ್ಟೇ.

ತಂದ ಕಾಳನ್ನು ಮೊರದಲ್ಲಿ ಕೇರಿ ದೂಳು ತೆಗೆಯಿರಿ. ಮೊರ ಇಲ್ಲದ ಫ್ಲ್ಯಾಟ್‌ನಲ್ಲಿ ಜರಡಿಯಾದರೂ ಇರುತ್ತದಲ್ವಾ? ತೊಳೆಯುವುದಾದರೆ ಬಿಸಿಲಲ್ಲಿ ಗರಿಗರಿ ಒಣಗಿಸಿದ ಮೇಲೇ ಡಬ್ಬಿಗೆ ತುಂಬಿ. ಸ್ವಲ್ಪ ಪಸೆ ಉಳಿದರೂ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಕಾಳು ಹಕ್ಕಿಯ ಲಿವರ್ ಕೆಡಿಸುತ್ತದೆ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಮನೆಗಳಲ್ಲಂತೂ ಇದೇ ದೊಡ್ಡ ತಲೆನೋವು. ಹದಿನೈದು ದಿನಕ್ಕೆ ಬೇಕಾದಷ್ಟು ಹೊರಗಿಟ್ಟು ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಮೂಗಿಗೆ ಮುಗ್ಗು ವಾಸನೆ ಬಂದರೆ ಯೋಚನೆ ಮಾಡಬೇಡಿ, ಎಸೆಯಿರಿ.

ಎರಡನೇ ಹೆಜ್ಜೆ: ಮೊಳಕೆ

ಒಣ ಕಾಳೊಂದನ್ನೇ ತಿಂದು ಫಿಂಚ್ ವರ್ಷಗಟ್ಟಲೆ ಬದುಕುತ್ತದೆ, ನಿಜ. ಅನ್ನ ಉಪ್ಪಿನಕಾಯಿ ತಿಂದು ನಾವೂ ಬದುಕುತ್ತೇವೆ. ಒಣ ಕಾಳಿನಲ್ಲಿ ಪಿಷ್ಟ ಧಾರಾಳ. ಕ್ಯಾಲ್ಸಿಯಂ ಕಮ್ಮಿ, ವಿಟಮಿನ್ ಎ ಕಮ್ಮಿ, ಡಿ ಇಲ್ಲವೇ ಇಲ್ಲ. ಪ್ರೋಟೀನ್ ಇದ್ದರೂ ಅದರಲ್ಲಿ ಲೈಸಿನ್ ಅನ್ನೋ ಅಂಶ ಸಾಲದು. ಮುಂದಿನ ಹೆಜ್ಜೆಗಳೆಲ್ಲ ಈ ಕೊರತೆ ತುಂಬುವುದಕ್ಕೆ.

ಎಲ್ಲಕ್ಕಿಂತ ಸುಲಭ ಮೊಳಕೆ. ಅದೇ ಮಿಶ್ರಣ ಒಂದು ಚಮಚ ತೆಗೆದುಕೊಳ್ಳಿ. ಚೆನ್ನಾಗಿ ತೊಳೆದು ರಾತ್ರಿ ನೆನೆಹಾಕಿ. ಬೆಳಗ್ಗೆ ಮತ್ತೆ ತೊಳೆದು, ಹೆಸರುಕಾಳು ಮೊಳಕೆ ಕಟ್ಟುವ ಹಾಗೆ ತೆಳು ಬಟ್ಟೆಯಲ್ಲಿ ಕಟ್ಟಿಡಿ. ದಿನಕ್ಕೆ ಮೂರು ಸಲ ಬಿಚ್ಚಿ ನೀರಲ್ಲಿ ಜಾಲಿಸಿ. ಒಂದರಿಂದ ಒಂದೂವರೆ ದಿನದಲ್ಲಿ ಬಿಳಿ ಚುಕ್ಕೆಯಷ್ಟು ಮೊಳಕೆ ಇಣುಕುತ್ತದೆ. ಆಗಲೇ ಕೊಡಬೇಕು. ಉದ್ದ ಬಿಡುವವರೆಗೆ ಕಾಯಬೇಡಿ. ಕೊಡುವ ಮುಂಚೆ ಮೂಸಿ ನೋಡಿ. ಹಸಿ ಹುಲ್ಲಿನ ವಾಸನೆ ಬಂದರೆ ಸರಿ, ದೋಸೆಹಿಟ್ಟಿನ ಹುಳಿ ವಾಸನೆ ಬಂದರೆ ಗಿಡಕ್ಕೆ ಹಾಕಿ. ಬೆಳಗ್ಗೆ ಇಟ್ಟು ಮೂರು ಗಂಟೆಯೊಳಗೆ ತೆಗೆದುಬಿಡಿ, ಬೇಸಿಗೆಯಲ್ಲಿ ಎರಡು ಗಂಟೆ ಸಾಕು. ವಾರಕ್ಕೆ ಮೂರು ದಿನ ಕೊಟ್ಟರೆ ಚೆನ್ನ.

ಮೂರನೇ ಹೆಜ್ಜೆ: ಸೊಪ್ಪು

ನನ್ನ ಅನುಭವದಲ್ಲಿ ನುಗ್ಗೆ ಸೊಪ್ಪಿಗೆ ಮೊದಲ ಸ್ಥಾನ. ವಿಟಮಿನ್ ಎ ಬೇಕಾದಷ್ಟು, ಕ್ಯಾಲ್ಸಿಯಂ ಕೂಡ ಒಳ್ಳೆಯದಿದೆ. ಹಿತ್ತಲಿನಲ್ಲೋ ಪಕ್ಕದವರ ಕಾಂಪೌಂಡಿನಲ್ಲೋ ಒಂದು ಮರ ಇದ್ದೇ ಇರುತ್ತದೆ, ಔಷಧಿ ಹೊಡೆದಿರುವುದಿಲ್ಲ. ಒಂದು ಕಡ್ಡಿ ಮುರಿದು ತೊಳೆದು ಪಂಜರದ ಸರಳಿಗೆ ಕ್ಲಿಪ್ ಹಾಕಿ ನೇತುಹಾಕಿ. ಕೊತ್ತಂಬರಿ, ಮೆಂತ್ಯ ಸೊಪ್ಪೂ ಆಗುತ್ತದೆ. ಪಾಲಕ್, ದಂಟಿನ ಸೊಪ್ಪಿನಲ್ಲಿ ಆಕ್ಸಲೇಟ್ ಜಾಸ್ತಿ, ಅದು ಕ್ಯಾಲ್ಸಿಯಂ ಮೈಗೆ ಹತ್ತದ ಹಾಗೆ ಮಾಡುತ್ತದೆ. ಅಪರೂಪಕ್ಕೆ ಕೊಡಿ. ಮಾರ್ಕೆಟ್ ಸೊಪ್ಪಾದರೆ ಮೂರು ನಾಲ್ಕು ನೀರಲ್ಲಿ ತೊಳೆದು ಒದರಿ.

ಇವಕ್ಕೆ ಪ್ರಾಣ ಅಂದರೆ ತೆನೆ ಬಂದ ಗರಿಕೆ. ಹಸಿ ತೆನೆಯ ಹಾಲುಗಾಳನ್ನು ಹೇಗೆ ಹಿಂಡಿ ಹಿಂಡಿ ತಿನ್ನುತ್ತವೆ ಅಂತ ಒಂದು ಸಲ ಕೂತು ನೋಡಿ. ರಸ್ತೆ ಬದಿಯದ್ದು, ನಾಯಿ ಓಡಾಡುವ ಪಾರ್ಕಿನದ್ದು ಬೇಡ. ಒಂದು ಕುಂಡದಲ್ಲಿ ಒಂದು ಹಿಡಿ ನವಣೆ ಚೆಲ್ಲಿ. ತೆನೆ ಬರುವವರೆಗೆ ಕಾದರೆ ಹಸಿ ತೆನೆ, ಕಾಯುವ ತಾಳ್ಮೆ ಇಲ್ಲದಿದ್ದರೆ ಎಳೆ ಹುಲ್ಲು. ಎರಡೂ ಹಕ್ಕಿಗೇ.

ತುರಿದ ಕ್ಯಾರೆಟ್, ಸೌತೆಕಾಯಿ ಬಿಲ್ಲೆ, ಪಪ್ಪಾಯ, ಬೀಜ ತೆಗೆದ ಸೇಬಿನ ಚೂರು ಕೊಡಬಹುದು. ಹಣ್ಣಿಗೆ ಫಿಂಚ್ ಅಷ್ಟೇನೂ ಆಸೆಪಡುವುದಿಲ್ಲ.

ನಾಲ್ಕನೇ ಹೆಜ್ಜೆ: ಮೊಟ್ಟೆ

ಕೋಳಿಮೊಟ್ಟೆಯನ್ನು ಹತ್ತು ನಿಮಿಷ ಗಟ್ಟಿಯಾಗಿ ಬೇಯಿಸಿ. ಹಳದಿ, ಬಿಳಿ ಎರಡನ್ನೂ ಫೋರ್ಕ್‌ನಿಂದ ಪುಡಿ ಮಾಡಿ. ಜೋಡಿಗೆ ಅರ್ಧ ಟೀ ಚಮಚ, ವಾರಕ್ಕೆ ಎರಡು ಸಲ. ಉಳಿದ ಮೊಟ್ಟೆಗೆ ಉಪ್ಪು ಮೆಣಸು ಹಾಕಿ ನಾನೇ ತಿನ್ನುತ್ತೇನೆ. ಹಕ್ಕಿಯ ಪಾಲಿಗೆ ಉಪ್ಪು ತಾಗಬಾರದು, ಅದನ್ನು ಮೊದಲೇ ತೆಗೆದಿಡಿ. ತೀರ ಒದ್ದೆ ಅನ್ನಿಸಿದರೆ ಸಿಹಿಯಿಲ್ಲದ ಬ್ರೆಡ್ ಒಣಗಿಸಿ ಪುಡಿ ಮಾಡಿ ಬೆರೆಸಿ, ಉದುರುದುರಾಗುತ್ತದೆ. ಮೊಟ್ಟೆ ಬೇಗ ಕೆಡುತ್ತದೆ. ಎರಡು ಗಂಟೆ ಆದ ಮೇಲೆ ಪಂಜರದಲ್ಲಿ ಒಂದು ಚೂರೂ ಉಳಿಯಬಾರದು.

ಮೊಟ್ಟೆ ಮನೆಯೊಳಗೆ ಬಾರದ ಮನೆಗಳೂ ಇವೆ. ಅಂಥವರು ಮೊಳಕೆ ಬಂದ ಹೆಸರುಕಾಳನ್ನು ಸ್ವಲ್ಪ ಬೇಯಿಸಿ, ಸಣ್ಣಗೆ ಹೆಚ್ಚಿ ಕೊಡಿ. ಲೈಸಿನ್ ಕೊರತೆ ಸ್ವಲ್ಪ ತುಂಬುತ್ತದೆ. ಮೊಟ್ಟೆಗೆ ಪೂರ್ತಿ ಸಮ ಅಂತ ಹೇಳಿದರೆ ಸುಳ್ಳಾಗುತ್ತದೆ. ಮರಿ ಮಾಡಿಸದೆ ಸುಮ್ಮನೆ ಜೋಡಿ ಸಾಕುವವರಿಗೆ ಅಡ್ಡಿಯಿಲ್ಲ. ಮರಿ ಮಾಡಿಸುವ ಆಸೆ ಇದ್ದರೆ ಮೊಟ್ಟೆ ಬೇಕೇ ಬೇಕು.

ಮರಿಗಳಿರುವಾಗ ಲೆಕ್ಕ ಬೇರೆ. ಜೀಬ್ರಾ ಫಿಂಚ್ ಎರಡು ವಾರದ ಹತ್ತಿರ ಕಾವು ಕೂರುತ್ತದೆ, ಮರಿ ಸುಮಾರು ಮೂರು ವಾರಕ್ಕೆ ಗೂಡು ಬಿಡುತ್ತದೆ. ಅಷ್ಟು ದಿನವೂ, ಆಮೇಲೆ ಮರಿ ತಾನೇ ಕಾಳು ಸುಲಿಯಲು ಕಲಿಯುವವರೆಗೂ, ಮೊಟ್ಟೆ ಮತ್ತು ಮೊಳಕೆ ದಿನಾ ಕೊಡಿ, ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಕಾಳು ಎಷ್ಟು ತಿಂದರೆ ಅಷ್ಟು. ಮರಿ ಇಲ್ಲದಾಗಲೂ ದಿನಾ ಮೊಟ್ಟೆ ಕೊಟ್ಟರೆ ಒಳ್ಳೆಯದಲ್ವಾ ಅಂತ ಕೇಳುತ್ತೀರಿ. ಬೇಡ. ಜಾಸ್ತಿ ಪ್ರೋಟೀನ್ ಸಿಕ್ಕಿದರೆ ಹೆಣ್ಣು ಬಿಡುವಿಲ್ಲದೆ ಮೊಟ್ಟೆ ಇಡುತ್ತಾ ಹೋಗುತ್ತದೆ, ಮೈ ಸೋರಿ ಹೋಗುತ್ತದೆ. ಎರಡು ಸಲ ಮರಿ ಮಾಡಿದ ಮೇಲೆ ಗೂಡಿನ ಪೆಟ್ಟಿಗೆ ತೆಗೆದು ಅದಕ್ಕೆ ಕೆಲವು ತಿಂಗಳು ರಜೆ ಕೊಡಿ.

ಐದನೇ ಹೆಜ್ಜೆ: ಕ್ಯಾಲ್ಸಿಯಂ, ಬಿಸಿಲು, ನೀರು

ಕಟ್ಲ್ ಬೋನ್ ಅಂತ ಪೆಟ್ ಅಂಗಡಿಯಲ್ಲಿ ಮಾರುವ ಬಿಳಿ ತುಂಡು ಒಂದು ಕಡಲಜೀವಿಯ ಒಳಚಿಪ್ಪು. ಮಂಗಳೂರು ಕಡೆಯವರು ಕಪ್ಪೆ ಬೊಂಡಾಸ್ ಅಂತಾರಲ್ಲ, ಅದರದ್ದು. ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರಫೇನ ಅಂತ ಕೇಳಿದರೂ ಸಿಗಬಹುದು. ಪುಡಿ ಬೇಡ, ಇಡೀ ತುಂಡು ಕೇಳಿ. ಮೆದು ಬದಿ ಹಕ್ಕಿಯ ಕಡೆಗಿರುವ ಹಾಗೆ ಕಟ್ಟಿ. ಸಿಗದಿದ್ದರೆ ಮೊಟ್ಟೆ ಬೇಯಿಸಿದ ಮೇಲೆ ಅದರ ಚಿಪ್ಪನ್ನು ಕಾವಲಿಯಲ್ಲಿ ಹುರಿದು ಕುಟ್ಟಿ ಪುಟ್ಟ ಬಟ್ಟಲಲ್ಲಿಡಿ. ಬಿಟ್ಟಿ ಕ್ಯಾಲ್ಸಿಯಂ. ಆ ಕಾವಲಿ ನಾನ್‌ಸ್ಟಿಕ್ ಆಗಿರಬಾರದು. ನಾನ್‌ಸ್ಟಿಕ್ ಪಾತ್ರೆ ವಿಪರೀತ ಕಾದರೆ ಬರುವ ಹೊಗೆ ಹಕ್ಕಿಗಳನ್ನು ನಿಮಿಷಗಳಲ್ಲೇ ಕೊಲ್ಲಬಲ್ಲದು. ಆಹಾರದ ವಿಷಯ ಅಲ್ಲದಿದ್ದರೂ ಹೇಳದೆ ಇರಲಾಗಲಿಲ್ಲ.

ಕ್ಯಾಲ್ಸಿಯಂ ತಪ್ಪಿದರೆ ಕಷ್ಟ ಹೆಣ್ಣಿಗೆ. ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಹೆಣ್ಣು ಉಬ್ಬಿಕೊಂಡು ತಳದಲ್ಲಿ ಕೂತು ತಿಣುಕುತ್ತಿದ್ದರೆ ಮನೆಮದ್ದು ಹುಡುಕುತ್ತಾ ಕೂರಬೇಡಿ. ಬೆಚ್ಚಗಿಟ್ಟು ತಕ್ಷಣ ಹಕ್ಕಿ ನೋಡುವ ಪಶುವೈದ್ಯರ ಹತ್ತಿರ ಓಡಿ. ಯಾರು ಹಕ್ಕಿ ನೋಡುತ್ತಾರೆ ಅನ್ನೋದನ್ನು ಮುಂಚೆಯೇ ವಿಚಾರಿಸಿಟ್ಟುಕೊಂಡಿರಿ.

ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು, ಅದಕ್ಕೆ ಬಿಸಿಲು ಬೇಕು. ಕಿಟಕಿಯ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ, ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತದೆ. ಬೆಳಗಿನ ಎಳೆಬಿಸಿಲಲ್ಲಿ ಇಪ್ಪತ್ತು ನಿಮಿಷ ಬಾಲ್ಕನಿಯಲ್ಲಿಡಿ, ಅರ್ಧ ಪಂಜರಕ್ಕೆ ನೆರಳಿರಲಿ. ಕಾಗೆ ಬೆಕ್ಕಿಗೆ ಕಾವಲಿರಿ.

ನೀರು ದಿನಾ ಬದಲಿಸಿ, ಏಪ್ರಿಲ್ ಮೇ ತಿಂಗಳಲ್ಲಿ ಎರಡು ಸಲ. ಬಟ್ಟಲಿನ ಒಳಗೆ ಬೆರಳಾಡಿಸಿದಾಗ ಜಾರಿದರೆ ಸರಿಯಾಗಿ ಉಜ್ಜಿಲ್ಲ ಅಂತ ಅರ್ಥ. ನೀರಿಗೆ ಹಾಕುವ ವಿಟಮಿನ್ ಹನಿ ನನಗೆ ಹಿಡಿಸುವುದಿಲ್ಲ. ಹಕ್ಕಿ ಎಷ್ಟು ಕುಡಿಯಿತು ಅಂತ ಗೊತ್ತಾಗುವುದಿಲ್ಲ, ನೀರು ಬೇರೆ ಬೇಗ ಲೋಳೆಯಾಗುತ್ತದೆ. ವೈದ್ಯರು ಹೇಳಿದರೆ ಮಾತ್ರ ಹಾಕಿ. ಕುಡಿಯುವ ಬಟ್ಟಲನ್ನು ಕೂರುವ ಕೋಲಿನ ಕೆಳಗಿಡಬೇಡಿ, ಹಿಕ್ಕೆ ಬೀಳುತ್ತದೆ.

ಹಾಕಲೇಬಾರದ್ದು

ಬೆಣ್ಣೆಹಣ್ಣು ಎಲ್ಲಕ್ಕಿಂತ ಅಪಾಯ. ಅದರಲ್ಲಿನ ಪರ್ಸಿನ್ ಅನ್ನೋ ವಿಷ ಹಕ್ಕಿಯ ಹೃದಯಕ್ಕೆ ಹೊಡೆಯುತ್ತದೆ. ಚಾಕೊಲೇಟ್, ಕಾಫಿ, ಟೀ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಖಾರ ಹಾಕಿದ ಯಾವುದೂ ಬೇಡ. ಹಾಲು ಹಕ್ಕಿಗೆ ಅರಗುವುದಿಲ್ಲ. ಮನೆಗೆ ಬಂದ ನೆಂಟರ ಮಕ್ಕಳು ಪ್ರೀತಿಯಿಂದ ಖಾರಾ ಮಂಡಕ್ಕಿ ತುರುಕುತ್ತಾರೆ, ಅದರ ಮೇಲೊಂದು ಕಣ್ಣಿಡಿ. ಇರುವೆ ಬಂತು ಅಂತ ಪಂಜರದ ಸುತ್ತ ಇರುವೆ ಚಾಕ್‌ಪೀಸಿನ ಗೆರೆ ಎಳೆಯಬೇಡಿ, ಅದು ಕೀಟನಾಶಕ. ಪಂಜರದ ಕಾಲುಗಳನ್ನು ನೀರಿನ ತಟ್ಟೆಯಲ್ಲಿಡಿ.

ತಿನ್ನಲ್ಲ ಅಂದರೆ?

ಹೊಸದು ಕಂಡರೆ ಫಿಂಚ್‌ಗೆ ಭಯ. ಮೊದಲ ಸಲ ನುಗ್ಗೆ ಕಡ್ಡಿ ಕಟ್ಟಿದಾಗ ನಮ್ಮವು ಅರ್ಧ ದಿನ ಪಂಜರದ ಇನ್ನೊಂದು ಮೂಲೆಯಲ್ಲೇ ಇದ್ದವು. ಒಂಬತ್ತನೇ ದಿನ ಹೆಣ್ಣು ಒಂದು ಎಲೆ ಕಿತ್ತಿತು, ಅದನ್ನು ನೋಡಿ ಗಂಡೂ ಬಂತು. ಎರಡು ವಾರವಾದರೂ ದಿನಾ ಒಂದೇ ಹೊತ್ತಿಗೆ ಇಡುತ್ತಾ ಬನ್ನಿ. ಸೌತೆ ಬಿಲ್ಲೆಯ ಮೇಲೆ ನಾಲ್ಕು ನವಣೆ ಅಂಟಿಸಿ, ಮೊಟ್ಟೆಯ ಮೇಲೆ ಕಾಳು ಉದುರಿಸಿ. ಹಸಿದರೆ ತಿನ್ನುತ್ತದೆ ಅಂತ ಕಾಳು ಮಾತ್ರ ತೆಗೆಯಬೇಡಿ. ನಾಯಿಗೆ ನಡೆಯಬಹುದಾದ ಹಟ ಈ ಪುಟ್ಟ ಹಕ್ಕಿಯ ಮೇಲೆ ನಡೆಯುವುದಿಲ್ಲ.

ಹೊಂದಿಕೆಯಾಗುತ್ತಿದೆಯಾ ಅಂತ ತಿಳಿಯಲು ಹಿಕ್ಕೆ ನೋಡಿ. ಗಟ್ಟಿ ಕಪ್ಪು ಭಾಗ, ಮೇಲೊಂದು ಬಿಳಿ ಟೋಪಿ ಇದ್ದರೆ ಸರಿ. ಸೊಪ್ಪು ತಿಂದ ದಿನ ಸ್ವಲ್ಪ ನೀರಾಗಬಹುದು, ಮರುದಿನವೂ ಹಾಗೇ ಇದ್ದರೆ ಸೊಪ್ಪು ನಿಲ್ಲಿಸಿ. ಹದಿನೈದು ದಿನಕ್ಕೊಮ್ಮೆ, 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯಲ್ಲಿ ಹಕ್ಕಿಯನ್ನು ಚಿಕ್ಕ ಡಬ್ಬಿಗೆ ಹಾಕಿ ತೂಗಿ. ಎರಡು ಗ್ರಾಂ ಇಳಿದರೆ ನಮಗೆ ಹತ್ತು ಕೆಜಿ ಇಳಿದ ಹಾಗೆ.

ಊರಿಗೆ ಹೊರಟಾಗ

ಎರಡು ದಿನಕ್ಕಾದರೂ ಹಕ್ಕಿಯನ್ನು ಯಾರಿಗಾದರೂ ಒಪ್ಪಿಸದೆ ಹೋಗಬೇಡಿ. ಎರಡೆರಡು ಬಟ್ಟಲು ಕಾಳು, ಎರಡೆರಡು ಬಟ್ಟಲು ನೀರು ಇಡಿ, ಒಂದು ಮಗುಚಿದರೆ ಇನ್ನೊಂದಿರಲಿ. ಮೊಟ್ಟೆ, ಮೊಳಕೆ ಆ ದಿನಗಳಲ್ಲಿ ಬೇಡ, ಉಳಿದು ಕೊಳೆಯುವ ಅಪಾಯವೇ ಜಾಸ್ತಿ. ಹೋದ ದಸರಾಕ್ಕೆ ನಾವು ಊರಿಗೆ ಹೊರಟಾಗ ಪಕ್ಕದ ಮನೆ ಆಂಟಿಗೆ ಕೀ ಕೊಟ್ಟು ಒಂದು ಚೀಟಿ ಬರೆದಿಟ್ಟೆ: "ನೀರು ಬದಲಿಸಿ. ಬಟ್ಟಲು ತುಂಬಿದ ಹಾಗೆ ಕಂಡರೂ ಊದಿ ನೋಡಿ. ಮೇಲಿಂದ ಎರಡು ಚಮಚ ಕಾಳು ಹಾಕಿ." ಮಾರನೇ ದಿನ ಬೆಳಗ್ಗೆ ಏಳಕ್ಕೇ ಫೋನು. "ಊದಿದೆ ಕಣಪ್ಪಾ, ಕನ್ನಡಕದ ತುಂಬ ಹೊಟ್ಟು. ಬಾಲ್ಕನಿಗೆ ಹೋಗಿ ಊದು ಅಂತ ಯಾಕೆ ಬರೀಲಿಲ್ಲ?"